ಗಾಜಿನ ಪೆಟ್ಟಿಗೆಯಲ್ಲಿರುವುದು ನನ್ನ ಕುಲಾವಿ

ಗುಪ್ತಚರ ಇಲಾಖೆಯ ಮಾನ್ಯ ನಿರ್ದೇಶಕರೇ,

ಕಳೆದ ವರ್ಷ ತೆರೆದ ನಿಮ್ಮ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ, ‘ಭೇದಿಸಲಾದ ಶತ್ರು ಸಂಕೇತಲಿಪಿ’ ಎಂಬ ಫಲಕದಡಿ ಒಂದು ಕಾಗದ ಇಟ್ಟಿದ್ದೀರಿ. ಅದು ನನ್ನ ಅಮ್ಮ ಬರೆದ ಕಾಗದ. ಅದರಲ್ಲಿರುವುದು ಕೂಸಿನ ಕುಲಾವಿ ಹೆಣೆಯುವ ವಿಧಾನ. ಫಲಕ ತೆಗೆಯಿರಿ ಎಂದು ಮೂರು ಅರ್ಜಿ ಕೊಟ್ಟೆ. ‘ದಾಖಲೆಗಳು ಸರಿಯಾಗಿವೆ’ ಎಂದು ಮೂರು ಸಲವೂ ಉತ್ತರ ಬಂತು. ಇನ್ನು ಊರಿಗೆಲ್ಲ ಕೇಳುವಂತೆ ಮಾತಾಡುತ್ತೇನೆ.

ಗೂಢಚರ್ಯೆಯೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ವ್ಯಾಪಾರಿಯ ವೇಷದಲ್ಲಿ ತಿರುಗುತ್ತಿದ್ದ ರಾಜರ ಕಾಲದ ಬೇಹಿನವರಿಂದ ಹಿಡಿದು ಉಪಗ್ರಹದವರೆಗಿನ ನಿಮ್ಮ ಇತಿಹಾಸವನ್ನು ಮೊದಲ ಕೋಣೆಯಲ್ಲಿ ನಿಂತು ಪೂರ್ತಿ ಓದಿದೆ. ಸಕಾಲಕ್ಕೆ ಸಿಕ್ಕ ಒಂದು ಸುದ್ದಿಯಿಂದ ಇಡೀ ಊರು ಉಳಿದದ್ದುಂಟು, ಒಪ್ಪುತ್ತೇನೆ. ಆದರೆ ಕದ್ದು ಓದುವುದು ಬೇರೆ, ಓದಿದ್ದು ಅರ್ಥವಾಗುವುದು ಬೇರೆ. ಎರಡನೆಯ ಕೆಲಸಕ್ಕೆ ನಿಮ್ಮಲ್ಲಿ ಹುದ್ದೆಯೇ ಇರಲಿಲ್ಲವೇ?

ಐವತ್ತೆರಡು ವರ್ಷದ ಹಿಂದೆ, ಯುದ್ಧದ ಮಾತು ಎದ್ದಿದ್ದಾಗ, ಅಮ್ಮ ಹುಡುಗಿಯರ ಶಾಲೆಯಲ್ಲಿ ಹೆಣಿಗೆ ಟೀಚರು. ಏಳು ತಿಂಗಳ ಬಸುರಿ. ಮದುವೆಯಾಗಿ ಗಡಿಯಾಚೆ ಹೋಗಿದ್ದ ದೊಡ್ಡಮ್ಮ, ಹುಟ್ಟುವ ಕೂಸಿಗೆ ತಾನೇ ಕುಲಾವಿ ಹೆಣೆಯುತ್ತೇನೆ, ಹೇಗೆಂದು ಬರೆ ಎಂದಿದ್ದಳು. ಅಮ್ಮ ಬರೆದಳು: ‘ಸೀ 2, ಉ 2’. ಅಂದರೆ ಸೀದಾ ಎರಡು, ಉಲ್ಟಾ ಎರಡು. ಅಂಚೆಕಚೇರಿಯಲ್ಲೇ ನಿಮ್ಮವರು ಅದನ್ನು ಒಡೆದರು. ಹನ್ನೊಂದನೇ ಸಾಲಿನಲ್ಲಿ ಲೆಕ್ಕ ಬದಲಾದದ್ದು ಕಂಡು ನಿಮ್ಮ ತಜ್ಞರ ಕಣ್ಣು ಅರಳಿತು. ಇದೇ ಸಂಕೇತದ ಕೀಲಿ ಎಂದರು, ಎರಡು ಸೇತುವೆ, ಆರು ರೈಲು ಎಂದು ಓದಿದರು, ಪದಕವನ್ನೂ ಪಡೆದರು. ಆ ಪದಕ ಅದೇ ಪೆಟ್ಟಿಗೆಯಲ್ಲಿ ಹೊಳೆಯುತ್ತಿದೆ. ಸ್ವಾಮಿ, ಹನ್ನೊಂದನೇ ಸಾಲು ರಿಬ್ಬನ್ ತೂರಿಸುವ ತೂತುಗಳದ್ದು.

ಹತ್ತೊಂಬತ್ತು ದಿನ ಅಮ್ಮನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದರು.

“ಒಂದ್ ಜೊತೆ ಕಡ್ಡಿ ಕೊಡಿ ಸಾರ್, ಇಲ್ಲೇ ಹೆಣೆದು ತೋರಿಸ್ತೀನಿ” ಎಂದು ಗೋಗರೆದಳಂತೆ.

“ಚೂಪಾದ ವಸ್ತು ಕೊಡೋ ಹಾಗಿಲ್ಲಮ್ಮ” ಎಂದರಂತೆ ಅಧಿಕಾರಿ.

ಅದೇ ತಿಂಗಳು ಶತ್ರುಸೈನ್ಯ ಮೂರು ಕಡೆ ಗಡಿ ದಾಟಿತು. ‘ಮುನ್ಸೂಚನೆ ದೊರೆತಿರಲಿಲ್ಲ’ ಎನ್ನುತ್ತದೆ ನಿಮ್ಮದೇ ಮೂರನೇ ಕೋಣೆಯ ಫಲಕ. ಹೇಗೆ ದೊರೆಯಬೇಕು? ದೊರಕಿಸಬೇಕಾದವರೆಲ್ಲ ಕುಲಾವಿ ಬಿಡಿಸುತ್ತ ಕೂತಿದ್ದರಲ್ಲ!

ಕೊನೆಗೆ ಅಮ್ಮನನ್ನು ಆರೋಪವಿಲ್ಲದೆ ಬಿಟ್ಟರು. ಶಾಲೆಯವರು ಕೆಲಸ ಕಿತ್ತುಕೊಂಡರು. ಅಮ್ಮ ಮತ್ತೆ ಕಡ್ಡಿ ಮುಟ್ಟಲಿಲ್ಲ. ಕಾಗದವನ್ನು ವಿಳಾಸಕ್ಕೆ ಕಳಿಸಿದ್ದೇವೆ ಎಂದು ನಿಮ್ಮವರು ಹೇಳಿದ್ದನ್ನು ಆಕೆ ನಂಬಿದ್ದಳು. ಕಾಗದ ಮುಟ್ಟಿಯೂ ಅಕ್ಕ ಉತ್ತರಿಸಲಿಲ್ಲ ಎಂದು ಅಮ್ಮನಿಗೆ ನೋವು. ಕೇಳಿದರೂ ತಂಗಿ ಬರೆಯಲಿಲ್ಲ ಎಂದು ದೊಡ್ಡಮ್ಮನಿಗೆ ಮುನಿಸು. ಆ ಮುನಿಸಿನಲ್ಲೇ ದೊಡ್ಡಮ್ಮ ಸತ್ತಳು. ನಿಮ್ಮ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಅಮ್ಮ ಕೇಳಿದ್ದು ಒಂದೇ ಮಾತು: “ಇದು ನನ್ನಕ್ಷರ ಕಣೇ. ಹಾಗಾದ್ರೆ ಅಕ್ಕಂಗೆ ತಲುಪ್ಲೇ ಇಲ್ವಾ?”

ನಾನು ಆವತ್ತೇ ನಿಮ್ಮನ್ನು ಬಿಡಬಾರದೆಂದು ತೀರ್ಮಾನಿಸಿದೆ.

ಕ್ಷಮಾಪಣೆಯ ಪತ್ರ ಬೇಡ. ನಿಮ್ಮ ಇಲಾಖೆ ಕಳಿಸುವ ಕಾಗದಗಳನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀವೇ ಬನ್ನಿ. ಆ ಕಾಗದ ಹಿಡಿದುಕೊಂಡು ಅಮ್ಮನ ಎದುರು ಕೂತು, ನಿಮ್ಮ ಕೈಯಾರೆ ಆ ಕುಲಾವಿ ಹೆಣೆಯಿರಿ. ಕಡ್ಡಿ, ಉಲ್ಲನ್ ನಾನು ತಂದಿಟ್ಟಿದ್ದೇನೆ. ಪತ್ರಕರ್ತರಿಗೂ ಹೇಳಿದ್ದೇನೆ. ಅಮ್ಮ ಬಹಳ ಕಟ್ಟುನಿಟ್ಟಿನ ಟೀಚರು. ಒಂದು ಸಾಲು ತಪ್ಪಿದರೆ ಪೂರ್ತಿ ಬಿಚ್ಚಿಸುತ್ತಾಳೆ. ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ. ಮೊದಲ ಹತ್ತೊಂಬತ್ತು ದಿನವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಣೆದು ಮುಗಿಸಿದ್ದನ್ನು ಆ ಪದಕದ ಪಕ್ಕದಲ್ಲಿಟ್ಟು, ನಿಮ್ಮದೇ ಅಕ್ಷರದಲ್ಲಿ ‘ಇದು ಕುಲಾವಿ’ ಎಂದು ಬರೆಯಿರಿ.

ಇಂತಿ,
ಬರಿದಲೆಯಲ್ಲೇ ಹುಟ್ಟಿ, ಈಗ ಹೆರಿಗೆ ವಾರ್ಡಿನಲ್ಲಿ ಕಂಡವರ ಕೂಸುಗಳಿಗೆ ಕುಲಾವಿ ತೊಡಿಸುತ್ತಿರುವ ನರ್ಸ್