ಸರಿಯುವ ಚುಕ್ಕಿ

ನೆಲಮಂಗಲ
೧೮-೨-೪೪

ಪೂಜ್ಯ ಚಿಕ್ಕಪ್ಪನವರಿಗೆ ಕಮಲಾಕ್ಷಿಯ ನಮಸ್ಕಾರ.

ಕಿರುಗ್ರಹ ಹುಡುಕಲು ದೊಡ್ಡ ಟೆಲಿಸ್ಕೋಪು ಬೇಡ, ದುರ್ಬೀನು, ಪೆನ್ಸಿಲು, ನಿದ್ದೆ ಬಾರದ ಕಣ್ಣು ಸಾಕು ಎಂದು ಬರೆದಿದ್ದಿರಿ. ಮೂರೂ ಇಲ್ಲಿವೆ. ಸಿಂಹರಾಶಿಯ ಕೆಳಗೆ ನೀವು ಗುರುತು ಮಾಡಿಕೊಟ್ಟ ಜಾಗವನ್ನು, ಮಗು ಎದ್ದಾಗಲೆಲ್ಲ ಅಂಗಳಕ್ಕೆ ಬಂದು, ನಾಲ್ಕು ರಾತ್ರಿ ಬರೆದಿಟ್ಟೆ. ಒಂಬತ್ತು ಚುಕ್ಕಿಗಳಲ್ಲಿ ಎಂಟು ಕದಲಿಲ್ಲ. ಒಂದು ಸರಿಯುತ್ತಿದೆ ಚಿಕ್ಕಪ್ಪ. ನೋಡುವಷ್ಟು ಹೊತ್ತು ಅಲುಗುವುದಿಲ್ಲ. ಮರುರಾತ್ರಿ ಬೇರೆ ಕಡೆ ಇರುತ್ತದೆ.

ಇವರು ನೋಡಿ, “ಎಲ್ಲಾ ಅಲ್ಲಲ್ಲೇ ಇವೆ ಕಣೇ, ಮಲಕ್ಕೋ ಹೋಗು” ಎಂದರು. ಮಗುವಿಗೆ ನೀರೆರೆಯುವ ಪಿಳ್ಳಮ್ಮ, “ಬಾಣಂತಿ ಹಂಗೆ ದಿಟ್ಟಿಸ್ಬಾರ್ದು ಕಣವ್ವಾ. ಅದೂ ತಿರುಗಿ ನೋಡ್ಬಿಟ್ರೆ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಗುವಿನ ಜ್ವರ ಬಿಟ್ಟಿದೆ. ನನಗೆ ಹನ್ನೊಂದು ದಿನದಿಂದ ಸರಿಯಾಗಿ ನಿದ್ದೆಯಿಲ್ಲ.

ಯಾವ ಚುಕ್ಕಿ, ಯಾವ ಕಡೆಗೆ ಎಂದು ಬೇಕೆಂದೇ ತಿಳಿಸಿಲ್ಲ. ನಿಮ್ಮ ಖಗೋಳ ಸಂಘಕ್ಕೆ ಬರೆಯುವ ಮುನ್ನ ನೀವೂ ಮೂರು ರಾತ್ರಿ ನೋಡಿ, ಚಿತ್ರ ಕಳಿಸಿ. ನಿಮಗೂ ಸರಿದು ಕಂಡರೆ ಅದು ಆಕಾಶದಲ್ಲಿದೆ. ಕಾಣದಿದ್ದರೆ ಕಾಗದ ಬರೆಯುತ್ತ ಕೂರಬೇಡಿ, ಅಮ್ಮನನ್ನು ನನ್ನ ಹತ್ತಿರಕ್ಕೆ ರೈಲು ಹತ್ತಿಸಿಬಿಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಕಮಲಾಕ್ಷಿ