ಮೆಟ್ಟಿಲಿಗಿಟ್ಟ ಕುಂಕುಮ

ಗವರ್ನರ್‌ಪೇಟೆ, ವಿಜಯವಾಡ
ಸೋಮವಾರ, 2-2-2026

ಪ್ರೀತಿಯ ಅಶೋಕಾ,

ಹೇಗಿದ್ದೀಯಪ್ಪಾ? ಗಾಜುವಾಕದ ಮೆಸ್ಸಿನ ಖಾರಕ್ಕೆ ಹೊಟ್ಟೆ ಒಗ್ಗಿತೇ? ಒಗ್ಗಿರಲೇಬೇಕು ಬಿಡು, ಅದು ಈಗ ನನಗೆ ಚೆನ್ನಾಗಿ ಅರ್ಥವಾಗಿದೆ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಮಂಡಿಯೊಂದನ್ನು ಬಿಟ್ಟು.

ನಿನ್ನೆ ಭದ್ರಾಚಲಂಗೆ ಹೋಗಿಬಂದೆವು. ರಾಮನ ದರ್ಶನ ಮುಗಿಸಿ ಹತ್ತಿರದ ಗುಂಡಾಲಕ್ಕೆ ಹೋದೆವು. ಗೋದಾವರಿಯ ಮರಳು ತೋಡಿದರೆ ಬಿಸಿನೀರು ಬರುತ್ತದೆ, ಮಂಡಿನೋವಿಗೆ ಒಳ್ಳೆಯದು ಎಂದು ನೀನೇ ಅಲ್ಲವೇ ಆಸೆ ಹುಟ್ಟಿಸಿದ್ದು? ಜೊತೆಗೆ ಬರುತ್ತೇನೆಂದವನು ಶನಿವಾರ ಸಂಜೆ ‘ಆಡಿಟ್ ಇದೆ’ ಎಂದುಬಿಟ್ಟೆ. ದಾರಿಯುದ್ದಕ್ಕೂ ನಿನ್ನ ಮಗಳು ಅಕ್ಷಯಾ ‘ನಾನ್ನ ರಾಲೇದಾ, ಅಪ್ಪ ಬರಲಿಲ್ವಾ’ ಎಂದು ಎರಡೂ ಭಾಷೆಯಲ್ಲಿ ಕೇಳಿದ್ದೇ ಕೇಳಿದ್ದು. ಹರಿಣಿಯಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು. ಕೈಯಾರೆ ಮರಳು ತೋಡಿ, ನನ್ನನ್ನು ಕೂರಿಸಿ, ಮಗುವನ್ನು ಆಡಿಸಲು ಆಚೆ ಹೋದಳು.

ಪಕ್ಕದಲ್ಲೇ ಇನ್ನೊಂದು ಸಂಸಾರ. ಯಜಮಾನರ ಹೆಸರು ದುರ್ಗಾಪ್ರಸಾದ್, ನಿಮ್ಮ ಬ್ಯಾಂಕಿನವರೇ, ಇಲ್ಲಿನ ವಲಯ ಕಚೇರಿಯವರು. ಕೇಳಬೇಕೇ? ನಿನ್ನ ಹೆಸರು ಹೇಳಿ ಚೆನ್ನಾಗಿ ದಬಾಯಿಸಿದೆ. ಹೆಂಡತಿ ಮಗು ಇರುವ ಹುಡುಗನನ್ನು ವೈಜಾಗ್‌ನ ಆ ಗಾಜುವಾಕದಲ್ಲಿ ಕೊಳೆಹಾಕಿದ್ದೀರಲ್ಲ, ಅವನ ವರ್ಗಕ್ಕೆಂದು ಪ್ರತಿ ಶುಕ್ರವಾರ ದುರ್ಗಮ್ಮನ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಇಟ್ಟು ಹತ್ತಿ ನನ್ನ ಮಂಡಿ ಈ ಗತಿಗೆ ಬಂತು ಎಂದೆ. ಅವರು ಕಣ್ಣುಕಣ್ಣು ಬಿಟ್ಟರು. ‘ಅದೇಂಟಮ್ಮಾ, ಹೀಗಂತೀರಿ? ದಸರಾ ಹೊತ್ತಿಗೇ ವಿಜಯವಾಡಕ್ಕೆ ಆರ್ಡರ್ ಆಗಿತ್ತಲ್ಲ! ಇಲ್ಲೇ ಆರಾಮಾಗಿದ್ದೀನಿ ಅಂತ ಅವರೇ ರದ್ದು ಮಾಡಿಸಿಕೊಂಡರು’ ಎಂದರು.

ಆರಾಮವಂತೆ! ನನಗೆ ಎಷ್ಟು ಅವಮಾನವಾಯಿತು ಗೊತ್ತೇ? ಆ ತಾಯಿ ಕೇಳಿದ್ದನ್ನು ಕೊಟ್ಟಾಗಿತ್ತು, ನೀನು ಹಿಂತಿರುಗಿಸಿದ್ದೆ, ನಾನು ಪೆದ್ದಿಯ ಹಾಗೆ ವಾರವಾರವೂ ಹೋಗಿ ಮತ್ತೆ ಬೇಡುತ್ತಿದ್ದೆ. ಒಂಟಿಯಾಗಿರುವ ಆಸೆಯಿದ್ದವನು ಮದುವೆ ಏಕೆ ಮಾಡಿಕೊಂಡೆ? ಫೋನಿನಲ್ಲಿ ‘ಬ್ಯಾಂಕಿನವರು ಬಿಡುತ್ತಿಲ್ಲಮ್ಮಾ’ ಎಂದು ಹೇಳುವಾಗ ನಾಲಿಗೆ ಹೇಗೆ ತಿರುಗಿತೋ! ಕೋಪಕ್ಕಿಂತ ದುಃಖವೇ ಹೆಚ್ಚಾಗಿದೆ, ಮಗನೇ.

ದುರ್ಗಮ್ಮ ನಿನಗೆ ಆರೋಗ್ಯ ಕೊಡಲಿ, ಅದರ ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಕಮಲಾಕ್ಷಿ

ತಾ.ಕ.: ಫೋನಿನಲ್ಲಿ ಬೈದರೆ ಹರಿಣಿಗೆ ಕೇಳಿಸುತ್ತದೆ, ಅದಕ್ಕೇ ಕೊರಿಯರಿನಲ್ಲಿ ಈ ಕಾಗದ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಅತ್ತೆಯ ಮಂಡಿ ಸೋತಿತೆಂದು ಈ ಶುಕ್ರವಾರದಿಂದ ಹರಕೆಯನ್ನು ತಾನೇ ನಡೆಸುತ್ತಾಳಂತೆ. ಕುಂಕುಮ ತಂದಿಟ್ಟುಕೊಂಡಿದ್ದಾಳೆ. ಅವಳು ಮೊದಲ ಮೆಟ್ಟಿಲಿಗೆ ಬಗ್ಗುವ ಮುಂಚೆ ನೀನು ಎದುರಿಗೆ ನಿಂತು ನಿಜ ಹೇಳಬೇಕು. ಬಾರದಿದ್ದರೆ ಬೆಟ್ಟದ ಬುಡದಲ್ಲಿ ನಾನೇ ಹೇಳುತ್ತೇನೆ.