ಲೈಲ್‌ನ ನೇರಳೆ ನೊಣ

ಗ್ಲೈಡ್, ಒರೆಗಾನ್
ಫೆಬ್ರವರಿ 12, ಶುಕ್ರವಾರ

ಆರಿನ್,

ಮೊದಲು ಪ್ರೀತಿಯ ಎಂದು ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡೆ. ಚೆನ್ನಾಗಿದ್ದೀಯೆಂದುಕೊಂಡಿದ್ದೇನೆ. ಇಲ್ಲದಿದ್ದರೂ ನೀನು ಹೇಳುವವನಲ್ಲ.

ನಾನು ಸ್ಟೀಲ್‌ಹೆಡ್ ಮೀನಿನ ಗಾಳಕ್ಕೆ ಗರಿ-ದಾರದ ಹುಸಿ ನೊಣ ಕಟ್ಟುವುದನ್ನು ಕಲಿಯುತ್ತಿದ್ದೇನೆ. ನಗುವುದಾದರೆ ಈಗಲೇ ನಕ್ಕುಬಿಡು. ಸಂಸಾರ ಮಾಡಿದಷ್ಟು ಕಾಲವೂ ನಿನ್ನ ಗರಿ, ತುಪ್ಪಳ, ದಾರದ ತುಂಡುಗಳನ್ನು ಅಡುಗೆಮನೆಯ ಮೇಜಿನಿಂದ ಗುಡಿಸುತ್ತಾ ಬೈದವಳು, ಈಗ ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಕೊಕ್ಕೆಗೆ ಗರಿ ಸುತ್ತುತ್ತೇನೆ. ಕಲಿಸುವವಳು ಮ್ಯಾಕ್ಸೀನ್. ಶಾಲೆಯ ಬಸ್ ಓಡಿಸುತ್ತಿದ್ದಳಲ್ಲ, ಅವಳೇ.

ಬರುವ ತಿಂಗಳಿಗೆ ನಮ್ಮ ಲೈಲ್ ಹೋಗಿ ಒಂದು ವರ್ಷ. ಅವನು ಜಾರಿದ ಬಂಡೆಯ ಕೆಳಗಿನ ಮಡುವಿನಲ್ಲಿ, ಅವನದೇ ನೊಣ ಕಟ್ಟಿಕೊಂಡು ಗಾಳ ಹಾಕಬೇಕೆಂದು ಅವನ ಗೆಳೆಯರ ಆಸೆ. ಮೀನು ಸಿಕ್ಕರೆ ಅವನ ಹೆಸರು ಹೇಳಿ ಹೊಳೆಗೇ ಬಿಡುತ್ತಾರಂತೆ. ಅವರಲ್ಲೊಬ್ಬ, ಡ್ವೈಟ್, ಮನೆಗೆ ಬಂದು, "ಅಮ್ಮಾ, ಕೊನೇ ದಿನ ಅವ್ನ ಗಾಳದ ರಾಡಲ್ಲಿದ್ದ ನೇರಳೆ ನೊಣ ಇದ್ಯಲ್ಲ, ಅಂಥದ್ದು ನಾವ್ಯಾರೂ ನೋಡೇ ಇಲ್ಲ. ಹೆಂಗೆ ಕಟ್ಟಿದ್ನೋ ಏನೋ" ಅಂದ. ನನ್ನ ಬಳಿಯಿದ್ದ ಆ ನೊಣವನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ನಾನೇ ಕಟ್ಟಿಕೊಡುತ್ತೇನೆ ಅಂದುಬಿಟ್ಟೆ. ನನ್ನ ಮಗನ ಬೆರಳು ಹೋದ ದಾರಿಯಲ್ಲಿ ನನ್ನ ಬೆರಳೂ ಒಂದು ಸಲ ಹೋಗಲಿ ಎಂದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಕಲಿಕೆಯ ಕತೆ ಏನು ಹೇಳಲಿ. ಮೊದಮೊದಲು ಕೊಕ್ಕೆಯ ಕಣ್ಣಿನವರೆಗೂ ಗರಿ ತುರುಕಿ, ಕೊನೆಗೆ ದಾರ ಸುತ್ತಿ ನೊಣದ ತಲೆ ಕಟ್ಟಿ ಮುಗಿಸಲು ಜಾಗವೇ ಇಲ್ಲದೆ ಪಿಳಿಪಿಳಿ ನೋಡುತ್ತಿದ್ದೆ. "ಏನೇ ವರ್ನಾ, ಇದಕ್ಕೆ ತಲೆ ಎಲ್ಲಿಡ್ತೀಯೆ, ನಿನ್ ಪರ್ಸಲ್ಲಾ?" ಎಂದು ಮ್ಯಾಕ್ಸೀನ್ ಎಲ್ಲರೆದುರು ನಗಿಸಿದಳು. ಬಿಗಿದರೆ ದಾರ ತುಂಡು, ಬಿಟ್ಟರೆ ರೆಕ್ಕೆ ಪಕ್ಕಕ್ಕೆ. ಆದರೂ ಆ ಹೊತ್ತಿನಲ್ಲಿ ಅಳು ಬರುತ್ತಿರಲಿಲ್ಲ. ಅದಕ್ಕೇ ಹೋಗುತ್ತಿದ್ದೆ.

ಲೈಲ್‌ನ ನೊಣವನ್ನು ಮಾತ್ರ ನೋಡಿ ನೋಡಿ ಕಟ್ಟಲಾಗಲಿಲ್ಲ. ಮ್ಯಾಕ್ಸೀನ್ ಅಂದಳು: "ಒಳಗೇನಿದೆ ಅಂತ ಗೊತ್ತಾಗ್ಬೇಕಾದ್ರೆ ಬಿಚ್ಲೇಬೇಕು ಕಣೇ. ನಾವೆಲ್ಲ ಕಲ್ತಿದ್ದೇ ಹಂಗೆ. ಆದ್ರೆ ಬಿಚ್ಚಿದ್ಮೇಲೆ ಇದು ಮತ್ತೆ ಸಿಗಲ್ಲ, ಯೋಚ್ನೆ ಮಾಡು." ಯೋಚಿಸಿದೆ. ನಿನ್ನೆ ಬಿಚ್ಚಿದೆ.

ಬ್ಲೇಡಿನಿಂದ ತಲೆಯ ಮೇಲಿನ ಮೆರುಗೆಣ್ಣೆ ಕೆರೆದು, ದಾರದ ತುದಿಯನ್ನು ಹಿಡಿದು ನನ್ನ ಕಡೆಗೆ ಎಳೆದೆ. ಸಡಿಲವಾಗಬೇಕಿದ್ದ ದಾರ ಇನ್ನೂ ಬಿಗಿಯಾಯಿತು. ಮ್ಯಾಕ್ಸೀನ್ ಕನ್ನಡಕ ಏರಿಸಿ ಬಗ್ಗಿದಳು. "ಉಲ್ಟಾ ಸುತ್ತಿದೆಯಲ್ಲೇ ಇದು. ಎಡಗೈಯೋರು ಕಟ್ಟಿರೋದು. ನಿನ್ ಮಗ ಎಡಚನಾ?" ಅಲ್ಲ ಎಂದೆ. "ಮತ್ಯಾರು..." ಎಂದವಳು ನನ್ನ ಭುಜದ ಮೇಲೆ ಕೈಯಿಟ್ಟಳು. ಈ ಹೊಳೆಯಲ್ಲಿ ನಿನ್ನ ಎಡಗೈ ಗೊತ್ತಿಲ್ಲದವರು ಯಾರಿದ್ದಾರೆ?

ಅವನಿಗೆ ಇದನ್ನು ಯಾವಾಗ ಕಳಿಸಿದ್ದೆ, ಆರಿನ್? ನೀನು ಮನೆ ಬಿಟ್ಟ ಮೇಲೆ ನೀವಿಬ್ಬರೂ ಮಾತಾಡಿಲ್ಲ ಎಂದೇ ನಂಬಿದ್ದೆ. ಮಣ್ಣು ಮಾಡಿದ ದಿನ ಊರಿನವರ ಮುಂದೆ, ಮಗನಿಗೊಂದು ಮಾತು ಕಳಿಸದವನು ಈಗ ಯಾಕೆ ಬಂದೆ ಎಂದು ನಾನು ಕೂಗಾಡಿದೆ. ನೀನು ಹ್ಯಾಟು ಹಿಡಿದುಕೊಂಡು ನಿಂತಿದ್ದೆಯೇ ಹೊರತು ಬಾಯಿ ಬಿಡಲಿಲ್ಲ. ನನಗೆ ಸಂತೋಷವೂ ಆಗಿದೆ, ನಿನ್ನನ್ನು ಹಿಡಿದು ಬಡಿಯಬೇಕೆಂದೂ ಅನಿಸುತ್ತಿದೆ. ನಿನ್ನ ನೊಣವೇ ಅವನನ್ನು ಹೊಳೆಗೆ ಎಳೆಯಿತು ಎಂದು ಕೊರಗುತ್ತಾ ಕೂತಿದ್ದರೆ, ಬಿಟ್ಟುಬಿಡು. ಅವನು ಬರಿಗೈಯಲ್ಲೂ ನೀರಿಗಿಳಿಯುವವನೇ. ತಂದೆ ಕಟ್ಟಿದ್ದನ್ನು ಹಿಡಿದು ನಿಂತಿದ್ದ ಎಂಬುದೇ ನನಗೆ ಈಗ ಸಮಾಧಾನ.

ಉಣ್ಣೆ, ಬೆಳ್ಳಿ ಎಳೆ, ಕರಡಿಯ ಕೂದಲು ಎಲ್ಲವನ್ನೂ ತಟ್ಟೆಯಲ್ಲಿ ಎತ್ತಿಟ್ಟಿದ್ದೇನೆ. ಜೋಡಿಸಲು ನನ್ನ ಕೈಯಲ್ಲಿ ಆಗದು. ಹುಡುಗರಿಗೆ ಬೇಕು. ಬಂದು ಕಟ್ಟಿಕೊಡು. ಅಡುಗೆಮನೆಯ ಮೇಜಿನ ಮುಂದೆಯೇ ಕೂತುಕೋ, ಬೈಯುವುದಿಲ್ಲ.

ವರ್ನಾ

ಮರೆತ ಮಾತು: ನಿನ್ನೆ ಬಿಚ್ಚುವ ಮುಂಚೆ, ಎಲ್ಲರೂ ಮಾಡುವಂತೆ, ಕೊಕ್ಕೆಯ ಕಣ್ಣಿನಲ್ಲಿ ಉಳಿದಿದ್ದ ಗಾಳದ ಎಳೆಯ ತುಂಡನ್ನು ಗಂಟಿನ ಸಮೇತ ಕತ್ತರಿಸಿ ನೆಲಕ್ಕೆ ಕೊಡವಿದೆ. ನೊಣ ನಿನ್ನದು, ಆದರೆ ಅದನ್ನು ಎಳೆಗೆ ಕಟ್ಟಿದ ಆ ಗಂಟು ಲೈಲ್ ಹಾಕಿದ್ದು. ಇದು ಹೊಳೆದದ್ದು ಮನೆಗೆ ಬಂದ ಮೇಲೆ. ಇವತ್ತು ಬೆಳಿಗ್ಗೆ ಚರ್ಚಿಗೆ ಹೋಗಿ ಮೊಣಕಾಲೂರಿ ಹುಡುಕಿದೆ. ನೆಲ ಒರೆಸಿಬಿಟ್ಟಿದ್ದರು.